ಮಾತೃಭಾಷೆ ಮತ್ತು ಎರಡನೆಯ ಭಾಷೆಯ ಗ್ರಹಿಕೆ: ಬೆಳಗಾವಿ, ಖಾನಾಪುರ

ದ್ವಿಭಾಷಿಕರು ಎರಡನೆಯ ಭಾಷೆಯನ್ನು ಕೇಳಿ ಅರ್ಥಮಾಡಿಕೊಳ್ಳುವಾಗ ಮಾತೃಭಾಷೆಯ ಧ್ವನಿ, ವ್ಯಾಕರಣ ಮತ್ತು ಪದಾರ್ಥಗಳ ರೂಢಿ ಅದರ ಮೇಲೆ ಪ್ರಭಾವ ಬೀರುತ್ತದೆ. ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನಲ್ಲಿ ಕನ್ನಡ, ಮರಾಠಿಗಳ ನಡುವೆ ಇದನ್ನು ಸ್ಪಷ್ಟವಾಗಿ ಕಾಣಬಹುದು. ಕೊಂಕಣಿ, ಉರ್ದು ಮಾತಾಡುವವರೂ ಇಲ್ಲಿದ್ದಾರೆ.

ಹಿನ್ನೆಲೆ
1956ರವರೆಗೆ ಬೆಳಗಾವಿ ಮುಂಬಯಿ ರಾಜ್ಯದಲ್ಲಿತ್ತು. ಎರಡೂ ಭಾಷೆಗಳ ಒಡನಾಟ ಅದಕ್ಕಿಂತ ಬಹಳ ಹಳೆಯದು.

ಧ್ವನಿ
ಕನ್ನಡದಲ್ಲಿ ಎ–ಏ, ಒ–ಓಗಳ ಹ್ರಸ್ವ–ದೀರ್ಘ ಭೇದ ಅರ್ಥವನ್ನೇ ಬದಲಿಸುತ್ತದೆ: ಕೆರೆ–ಕೇರೆ, ಕೊಡು–ಕೋಡು. ಮರಾಠಿಯಲ್ಲಿ ಈ ಭೇದವಿಲ್ಲ. ಆದ್ದರಿಂದ ಮರಾಠಿ ಮಾತೃಭಾಷೆಯವರು ಸಂದರ್ಭವನ್ನೇ ಹೆಚ್ಚು ನೆಚ್ಚಬೇಕಾಗಬಹುದು.

ವ್ಯಾಕರಣ
ಎರಡರಲ್ಲೂ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಕನ್ನಡದ ‘ಅಂತ’ ಮಾಡುವ ಕೆಲಸವನ್ನು ಮರಾಠಿಯ ‘ಮ್ಹಣೂನ್’ ಬಹುಮಟ್ಟಿಗೆ ಮಾಡುತ್ತದೆ. ಇಲ್ಲಿ ಮಾತೃಭಾಷೆ ನೆರವಾಗುತ್ತದೆ. ತೊಡಕು ಬರುವುದು ಒಂದು ಭಾಷೆ ಕಡ್ಡಾಯವಾಗಿ ಹೇಳುವುದನ್ನು ಇನ್ನೊಂದು ಹೇಳದೆ ಬಿಟ್ಟಾಗ. ಮರಾಠಿಯಲ್ಲಿ ಕೇಳುಗನನ್ನು ಒಳಗೊಂಡರೆ ‘ಆಪಣ್’, ಹೊರಗಿಟ್ಟರೆ ‘ಆಮ್ಹೀ’. ಕನ್ನಡದಲ್ಲಿ ಎರಡಕ್ಕೂ ‘ನಾವು’. ‘ಹೋಗೋಣ’ ಎಂದರೆ ಕೇಳುಗನೂ ಸೇರಿದಂತೆ. ಆದರೆ ‘ನಾವು ನಾಳೆ ಖಾನಾಪುರಕ್ಕ ಹೋಗ್ತೀವಿ’ ಎಂದರೆ ಮರಾಠಿಗರಿಗೆ ತಾವೂ ಹೊರಡಬೇಕೇ ಎಂಬುದು ಆ ಪದದಿಂದ ತಿಳಿಯದು. ಕನ್ನಡಿಗ ‘ಆಮ್ಹೀ’ ಕೇಳಿದಾಗ, ತನ್ನನ್ನು ಬಿಟ್ಟು ಹೇಳಿದ್ದೆಂಬುದು ಗಮನಕ್ಕೇ ಬಾರದಿರಬಹುದು. ಲಿಂಗದಲ್ಲೂ ಹೀಗೆಯೇ: ‘ಗಾಡಿ ಬಂತು’ ನಪುಂಸಕ, ‘ಗಾಡೀ ಆಲೀ’ ಸ್ತ್ರೀಲಿಂಗ. ಮರಾಠಿಯ ಕ್ರಿಯಾಪದ ಕೊಡುವ ಆ ಸುಳಿವು ಕನ್ನಡ ಮಾತೃಭಾಷೆಯವರ ಕಿವಿಗೆ ಬೀಳದೆ ಹೋಗಬಹುದು.

ಪದಾರ್ಥ
ಒಂದೇ ಸಂಸ್ಕೃತ ಪದ ಎರಡು ಅರ್ಥದಲ್ಲಿ ನಿಲ್ಲುವುದುಂಟು. ‘ಅನುಮಾನ’ ಕನ್ನಡದಲ್ಲಿ ಸಾಮಾನ್ಯವಾಗಿ ಸಂಶಯ, ಮರಾಠಿಯಲ್ಲಿ ಊಹೆ, ತರ್ಕದ ನಿರ್ಣಯ.

ದೀರ್ಘ ಸಂಪರ್ಕ
ಇಂಥ ಸಂಪರ್ಕದ ಬಗ್ಗೆ ಒಂದು ಪ್ರಸಿದ್ಧ ಅಧ್ಯಯನ, ಸಾಂಗ್ಲಿ ಜಿಲ್ಲೆಯ ಆಗಿನ ಹಳ್ಳಿ ಕುಪವಾಡದ ಕುರಿತು ಸಂಶೋಧಕರಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ್ದು. ಅಲ್ಲಿನ ಮರಾಠಿಯಲ್ಲಿ ಲಿಂಗವ್ಯವಸ್ಥೆ ಕನ್ನಡದತ್ತ ವಾಲಿತ್ತು. ಅಲ್ಲಿನ ಕನ್ನಡ ‘ಇದು ನಿಮ್ಮ ಮನಿ’ ಎನ್ನುವಲ್ಲಿ ಮರಾಠಿಯಂತೆ ಕೊನೆಗೆ ‘ಐತಿ’ ಸೇರಿಸುತ್ತಿತ್ತು. ಪದಗಳು ಬೇರೆಯಾಗಿಯೇ ಉಳಿದು ವ್ಯಾಕರಣ ಒಂದಾಗುತ್ತ ಬಂದಿತ್ತು. ಇದನ್ನು ಬೆಳಗಾವಿಗೆ ಹಾಗೆಯೇ ಅನ್ವಯಿಸಲಾಗದು. ಹಳ್ಳಿಯ ಒಡನಾಟವೇ ಬೇರೆ, ನಗರದ ಶಾಲೆ, ಪತ್ರಿಕೆಗಳ ಶಿಷ್ಟಭಾಷೆಯ ಒತ್ತಡವೇ ಬೇರೆ.

ಬೋಧನೆ
ಮರಾಠಿ ಮಾಧ್ಯಮದ ಮಗು ‘ಕೆರೆ’, ‘ಕೇರೆ’ಗಳನ್ನು ಒಂದೇ ಎಂದು ಕೇಳಿದರೆ ಅದನ್ನು ಅಲಕ್ಷ್ಯವೆಂದು ಎಣಿಸಬಾರದು. ಆ ಭೇದವನ್ನು ಕಿವಿಗೆ ಬೇರೆಯಾಗಿಯೇ ಅಭ್ಯಾಸ ಮಾಡಿಸಬೇಕು.