ಒಂದಕ್ಷರದ ವ್ಯತ್ಯಾಸ, ಕೋಟಿ ರೂಪಾಯಿ ಬಿಲ್: ಆರ್‌ಎನ್‌ಎ ಸ್ಪ್ಲೈಸಿಂಗ್ ಯಾಕೆ ಗೊತ್ತಿರಬೇಕು?

ನಾನು ಎಂಜಿನಿಯರಿಂಗ್ ಓದಿದವನು, ಜೀವಶಾಸ್ತ್ರ ಕಲಿತಿದ್ದು ಪತ್ರಿಕೋದ್ಯಮಕ್ಕೆ ಬಂದಮೇಲೆ. ಎಸ್‌ಎಂಎ ಔಷಧದ ಬೆಲೆ ಬಗ್ಗೆ ಮಾತಾಡಬೇಕಾದರೆ ಸ್ಪ್ಲೈಸಿಂಗ್ ಅರ್ಥವಾಗಲೇಬೇಕು. ಹಾಗಾಗಿ ಈ ಟಿಪ್ಪಣಿ.

ಸ್ಪ್ಲೈಸಿಂಗ್ ಅಂದರೇನು?
ಜೀನ್‌ನಿಂದ ಮೊದಲು ಬರುವ ಆರ್‌ಎನ್‌ಎ ಒಂದು ಕಚ್ಚಾ ಪ್ರತಿ. ಅದರಲ್ಲಿ ಬೇಕಾದ ತುಣುಕುಗಳ (ಎಕ್ಸಾನ್) ನಡುವೆ ಬೇಡದ ತುಣುಕುಗಳು (ಇಂಟ್ರಾನ್) ಇರುತ್ತವೆ. ಇಂಟ್ರಾನ್ ಕತ್ತರಿಸಿ ಎಕ್ಸಾನ್‌ಗಳನ್ನು ಜೋಡಿಸುವುದೇ ಸ್ಪ್ಲೈಸಿಂಗ್. 1977ರಲ್ಲಿ ಇದನ್ನು ಕಂಡುಕೊಂಡ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು.

ಎಲ್ಲಿ ಕತ್ತರಿಸಬೇಕು ಅಂತ ಹೇಳೋರು ಯಾರು?
ಕತ್ತರಿಸುವ ಜಾಗದ ಗುರುತುಗಳು ತೀರಾ ಚಿಕ್ಕವು. ಹಾಗೇ ಕಾಣುವ ಸುಳ್ಳು ಗುರುತುಗಳೂ ಬೇಕಾದಷ್ಟಿವೆ. ಇಲ್ಲಿ ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನ್‌ಗಳು ದಾರಿ ತೋರಿಸುತ್ತವೆ. ಎಕ್ಸಾನ್ ಮೇಲೆ ಕೂತ ಎಸ್‌ಆರ್ ಪ್ರೋಟೀನ್ ಸಾಮಾನ್ಯವಾಗಿ ‘ಇದನ್ನು ಉಳಿಸು’ ಅನ್ನುತ್ತದೆ. ಎಚ್‌ಎನ್‌ಆರ್‌ಎನ್‌ಪಿ ಗುಂಪಿನವು ಹೆಚ್ಚಾಗಿ ‘ಇದನ್ನು ಬಿಡು’ ಅನ್ನುತ್ತವೆ. ಈ ಎಳೆದಾಟದ ಸಮತೋಲನದಿಂದಲೇ ನಿಖರತೆ.

ತಪ್ಪಿದರೆ?
ಎಸ್‌ಎಂಎನ್1 ಜೀನ್ ಕೆಟ್ಟವರಿಗೆ ಎಸ್‌ಎಂಎ ಬರುತ್ತದೆ. ಅದರ ಜೆರಾಕ್ಸ್‌ನಂತಿರುವ ಎಸ್‌ಎಂಎನ್2 ನಮ್ಮಲ್ಲಿದೆ, ಆದರೆ ಅದರ 7ನೇ ಎಕ್ಸಾನ್‌ನಲ್ಲಿ ‘ಸಿ’ ಬದಲು ‘ಟಿ’ ಇದೆ. ಅಷ್ಟಕ್ಕೇ ಎಸ್‌ಆರ್ ಪ್ರೋಟೀನ್‌ನ ಹಿಡಿತ ಸಡಿಲವಾಗಿ, ಎಚ್‌ಎನ್‌ಆರ್‌ಎನ್‌ಪಿ ಮೇಲುಗೈ ಪಡೆಯುತ್ತದೆ. ಬಹುಪಾಲು ಪ್ರತಿಗಳಲ್ಲಿ ಎಕ್ಸಾನ್ ಬಿಟ್ಟುಹೋಗುತ್ತದೆ, ಬೆನ್ನುಹುರಿಯ ನರಕೋಶಗಳು ಸಾಯುತ್ತವೆ, ಮಗುವಿನ ಸ್ನಾಯು ಸೊರಗುತ್ತದೆ.

2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ನುಸಿನರ್ಸೆನ್, ‘ಬಿಡು’ ಅನ್ನುವ ಪ್ರೋಟೀನ್ ಕೂರುವ ಜಾಗವನ್ನೇ ಮುಚ್ಚುತ್ತದೆ. 2020ರಲ್ಲಿ ಬಂದ ರಿಸ್ಡಿಪ್ಲಾಮ್ ಬಾಯಿಂದ ತಗೊಳ್ಳುವ ಔಷಧ. ಅದೂ ಎಕ್ಸಾನ್ ಉಳಿಯುವಂತೆ ಮಾಡುತ್ತದೆ.

ಈಗ ಲೆಕ್ಕ ನೋಡಿ
ಭಾರತದಲ್ಲಿ ರೋಶ್ ಕಂಪನಿಯ ರಿಸ್ಡಿಪ್ಲಾಮ್ ಬಾಟಲಿಗೆ ಸುಮಾರು 6.2 ಲಕ್ಷ ರೂಪಾಯಿ. 20 ಕಿಲೊ ದಾಟಿದ ರೋಗಿಗೆ ಅದು 12 ದಿನಕ್ಕೆ ಸಾಕು. 2021ರ ಅಪರೂಪದ ಕಾಯಿಲೆಗಳ ನೀತಿಯನ್ವಯ ಆಮೇಲೆ ಸಿಗುವಂತಾದ ಗರಿಷ್ಠ 50 ಲಕ್ಷ ನೆರವು ಈ ಬೆಲೆಗೆ ಮೂರು ತಿಂಗಳಲ್ಲಿ ಖಾಲಿ. 2025ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್ ನ್ಯಾಟ್ಕೋ ಕಂಪನಿಯ ಜೆನೆರಿಕ್‌ಗೆ ತಡೆ ಕೊಡಲು ಒಪ್ಪಲಿಲ್ಲ. ಸುಪ್ರೀಂ ಕೋರ್ಟೂ ಮಧ್ಯೆ ಬರಲಿಲ್ಲ. ನ್ಯಾಟ್ಕೋ ಇಟ್ಟ ಬೆಲೆ 15,900 ರೂಪಾಯಿ. ಅಣು ಅದೇ, ಕೆಲಸವೂ ಅದೇ.

ಹಾಗಂತ ಸಮಸ್ಯೆ ಮುಗಿದಿಲ್ಲ. ಈ ಬೆಲೆಯಲ್ಲೂ ವರ್ಷಕ್ಕೆ ಹತ್ತಿರ ಹತ್ತಿರ 5 ಲಕ್ಷ ಬೇಕು, ಜೀವನಪೂರ್ತಿ. ಆದರೆ 50 ಲಕ್ಷ ಈಗ ಸುಮಾರು ಹತ್ತು ವರ್ಷಕ್ಕೆ ಆಗುತ್ತದೆ. ‘ವಿಜ್ಞಾನ ಕಷ್ಟ, ಅದಕ್ಕೇ ದುಬಾರಿ’ ಅಂತ ಯಾರಾದರೂ ಅಂದರೆ ಈ ಎರಡು ಬೆಲೆಗಳನ್ನು ಅವರ ಮುಂದಿಡಿ.