ಜೀತ ನಡೆದು ಬಂದ ದಾರಿ

ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಕಡೆ ಕನ್ನಡವೂ ತೆಲುಗೂ ಕಲೆತೇ ಇರುತ್ತವೆ. ತೆಲುಗು ಮನೆಯ ಮೇಷ್ಟ್ರೊಬ್ಬರು ‘ಈ ನೆಲ ಜೀತಂ ಇಂಕಾ ರಾಲೇದು’ ಎಂದರೆ ಈ ತಿಂಗಳ ಸಂಬಳ ಇನ್ನೂ ಬಂದಿಲ್ಲ ಎಂದಷ್ಟೇ ಅರ್ಥ. ಪಕ್ಕದ ಕನ್ನಡದವರು ‘ಅವ್ರಪ್ಪ ಜೀತಕ್ಕಿದ್ದ’ ಎಂದಾಗ ದನಿ ತಾನಾಗಿ ಇಳಿಯುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು, ಆದವಾನಿ, ಆಲೂರು ಆಂಧ್ರಕ್ಕೆ ಹೋದವು. ಪದ ಮಾತ್ರ ಎರಡೂ ಕಡೆ ಉಳಿಯಿತು, ಅದೂ ಬೇರೆ ಬೇರೆ ಹಣೆಬರಹ ಹೊತ್ತು.

ಜೀತದ ಮೂಲ ಸಂಸ್ಕೃತದ ‘ಜೀವಿತ’. ಬದುಕು, ಬದುಕಿಗೆ ಆಧಾರ. ಸೇವೆಗೆ ಪ್ರತಿಯಾಗಿ ಒಡೆಯ ಬಿಟ್ಟುಕೊಟ್ಟ ಭೂಮಿ, ಸಲ್ಲಿಸಿದ ಸಂಬಳ ಎಲ್ಲವೂ ಒಂದು ಕಾಲಕ್ಕೆ ಜೀವಿತವೇ. ಕಿಟ್ಟೆಲ್ 1894ರಲ್ಲಿ ನಿಘಂಟು ಅಚ್ಚುಹಾಕಿಸಿದಾಗಲೂ ಜೀತಕ್ಕೆ ಸಂಬಳವೆಂಬ ಅರ್ಥ ಬದುಕಿತ್ತು. ಆದರೆ ಉಂಡ ಅನ್ನಕ್ಕೆ ಪ್ರಾಣವನ್ನೇ ತೆರಬೇಕೆಂಬ ನಂಬಿಕೆಯೂ ನಮ್ಮಲ್ಲಿ ಹಳೆಯದು. ಪಂಪನ ಕಾಲದವರು ಅದನ್ನು ‘ಜೋಳವಾಳಿ’ ಎಂದು ಕರೆದು ಕೊಂಡಾಡಿದರು. ರಣರಂಗದ ವೀರನಿಗೆ ಅದು ಕೀರ್ತಿ ತಂದಿರಬಹುದು. ಹೊಲದ ಆಳಿಗೆ ಬಂದಾಗ ಅದೇ ಋಣ ಕುಣಿಕೆಯಾಯಿತು. ಮದುವೆಗೋ ಮಣ್ಣಿಗೋ ತಂದ ಸಾಲ, ಆ ಸಾಲಕ್ಕೆ ವರ್ಷಗಟ್ಟಲೆ ದುಡಿತ, ಅಪ್ಪ ತೀರಿಸದ್ದಕ್ಕೆ ಮಗ. ಕೂಲಿ ಕೈಗೆ ಬರುವುದು ನಿಂತ ಮೇಲೂ ಜೀತವೆಂಬ ಹೆಸರು ನಿಲ್ಲಲಿಲ್ಲ. ತೆಲುಗಿನಲ್ಲೂ ‘ಜೀತಗಾಡು’ ಎಂದರೆ ಸಾಹುಕಾರರ ಮನೆಯ ವರ್ಷದಾಳು. ಆ ಭಾಷೆ ಎರಡು ಅರ್ಥಗಳನ್ನೂ ಇಟ್ಟುಕೊಂಡಿತು, ಕನ್ನಡ ನೋವಿನದನ್ನು ಮಾತ್ರ.

ಸಂವಿಧಾನದ 23ನೇ ವಿಧಿ ಮನುಷ್ಯರ ವ್ಯಾಪಾರವನ್ನೂ ಬಿಟ್ಟಿದುಡಿತವನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇನ್ನೂ ಮುಂದೆ ಹೋಗಿ ದೇಶದ ಮೂಲೆಮೂಲೆಯ ಹೆಸರುಗಳನ್ನು ಪಟ್ಟಿಮಾಡಿತು. ವೆಟ್ಟಿ, ಪಡಿಯಾಳ್, ಕಮಿಯಾ ಮೊದಲಾದವುಗಳ ನಡುವೆ ನಮ್ಮ ‘ಜೀತ’ವೂ ಇದೆ. ಸಂಬಳವಾಗಿದ್ದ ಪದ ಸಂಸತ್ತಿನ ಶಾಸನದಲ್ಲಿ ಅಪರಾಧದ ಹೆಸರಾಗಿ ಅಚ್ಚಾಯಿತು.

ಈಗ ಈ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ಬಳ್ಳಾರಿ, ರಾಯಚೂರು ಕಡೆಯ ಮಂದಿ ಗುಳೆ ಹೋಗುತ್ತಾರೆ. ಇಟ್ಟಿಗೆ ಭಟ್ಟಿಗೋ ಕಬ್ಬು ಕಡಿಯಲಿಕ್ಕೋ ಹೊರಟವರನ್ನು ಕೇಳಿದರೆ ‘ಅಡ್ವಾನ್ಸ್ ತಗೊಂಡೀವ್ರಿ’ ಎನ್ನುತ್ತಾರೆ. ಎಲ್ಲ ಗುಳೆಯೂ ಜೀತವಲ್ಲ, ಎಲ್ಲ ಮುಂಗಡವೂ ಬಲೆಯಲ್ಲ. ಲೆಕ್ಕ ತೋರಿಸದೆ, ಊರಿಗೆ ಮರಳಲು ಬಿಡದೆ, ಆ ಮುಂಗಡದ ನೆಪದಲ್ಲಿ ಕಟ್ಟಿಹಾಕಿ ದುಡಿಸಿದರೆ ಅದು ಜೀತವೇ, ಹೊಸ ಹೆಸರಿನದು. ಸುಲಿಗೆಗೆಂದೇ ಮೋಸದಿಂದಲೋ ಆಮಿಷ ಒಡ್ಡಿಯೋ ಕರೆದೊಯ್ದಿದ್ದರೆ ಮಾನವ ಕಳ್ಳಸಾಗಣೆಯೂ ಹೌದು. ‘ಕಳ್ಳ’ ಎಂಬ ಮಾತು ಇಲ್ಲಿ ದಾರಿ ತಪ್ಪಿಸುತ್ತದೆಂದು ನನಗನ್ನಿಸುತ್ತದೆ. ಗಡಿ ದಾಟಿಸುವ ಕತ್ತಲ ವ್ಯವಹಾರ ನೆನಪಾಗುತ್ತದೆ, ಹಾಡಹಗಲೇ ಬಸ್‌ಸ್ಟ್ಯಾಂಡಿನಿಂದ ಮೇಸ್ತ್ರಿಯ ಜೊತೆ ಹೊರಟ ಕುಟುಂಬ ಕಣ್ಣಿಗೆ ಬೀಳುವುದಿಲ್ಲ. ವಿಶ್ವಸಂಸ್ಥೆಯ 2000ದ ಪಲೆರ್ಮೊ ಒಡಂಬಡಿಕೆ ಗಡಿಯನ್ನಲ್ಲ, ಮೂರು ಸಂಗತಿಗಳನ್ನು ನೋಡುತ್ತದೆ: ಏನು ಮಾಡಿದರು, ಹೇಗೆ ಮಾಡಿದರು, ಯಾವ ಸುಲಿಗೆಗಾಗಿ ಮಾಡಿದರು. ಭಾರತ ಅದನ್ನು 2011ರಲ್ಲಿ ಅನುಮೋದಿಸಿತು. 2013ರಲ್ಲಿ ದಂಡ ಸಂಹಿತೆಯ 370ನೇ ಕಲಂ ಹೊಸದಾಯಿತು, 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 143. ಕನಿಷ್ಠ ಏಳು ವರ್ಷ ಕಠಿಣ ಸಜೆ. ‘ಅವರಾಗಿಯೇ ಒಪ್ಪಿ ಬಂದರು’ ಎಂಬ ವಾದಕ್ಕೆ ಅಲ್ಲಿ ಜಾಗವಿಲ್ಲ.

ಆದರೂ ಬಿಡುಗಡೆ ಕೇಳಿ ಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ ‘ಸಾಲದ ಚೀಟಿ ಎಲ್ಲಿ?’ ಎಂಬುದು. ಓದು ಬಾರದವರ ಹೆಬ್ಬೆಟ್ಟು ಬಿದ್ದ ಕಾಗದ ಯಾವತ್ತೂ ಧಣಿಯ ಪೆಟ್ಟಿಗೆಯಲ್ಲೇ ಇರುತ್ತದೆ. ಇದನ್ನು ಅರಿತೇ ಸುಪ್ರೀಂ ಕೋರ್ಟು ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದ 1983ರ ಡಿಸೆಂಬರ್ ತೀರ್ಪಿನಲ್ಲಿ ಭಾರವನ್ನು ತಿರುಗಿಸಿ ಹಾಕಿತು: ಬಲವಂತದ ದುಡಿತ ಕಂಡುಬಂದರೆ ಅದು ಮುಂಗಡಕ್ಕಾಗಿಯೇ ಎಂದು ತಿಳಿಯಬೇಕು, ಅಲ್ಲವೆಂದು ರುಜುವಾತು ಮಾಡಬೇಕಾದವನು ದುಡಿಸಿಕೊಂಡವನು.