ರಸ್ತೆ ಇತಿಹಾಸ – 7: ಲೆಕ್ಕ ಲಾರಿದಾ, ಡ್ರೈವರ್‌ದಾ?

1970ರಲ್ಲಿ ಯುರೋಪಿನ ಆರು ದೇಶಗಳ ಒಕ್ಕೂಟ ಟ್ಯಾಕೋಗ್ರಾಫ್ ನಿಯಮ ತಂತು. ವೇಗ, ದೂರ, ಓಡಿಸಿದ ಹೊತ್ತು ಎಲ್ಲವನ್ನೂ ದುಂಡನೆ ಕಾಗದದ ಮೇಲೆ ಸೂಜಿಯಿಂದ ಗೀಚೋ ಯಂತ್ರ ಅದು. ಬ್ರಿಟನ್ನಿನಲ್ಲಿ ಇದಕ್ಕೆ ‘ಕ್ಯಾಬಿನ್ ಒಳಗಿನ ಗೂಢಚಾರ’ ಅಂತ ಹೆಸರು ಬಿತ್ತು. ಕಡ್ಡಾಯ ಮಾಡದಿದ್ದಕ್ಕೆ 1979ರಲ್ಲಿ ಯುರೋಪಿನ ನ್ಯಾಯಾಲಯ ಬ್ರಿಟನ್ ವಿರುದ್ಧ ತೀರ್ಪು ಕೊಟ್ಟಿತು.

ಆದ್ರೆ ಡ್ರೈವರ್ ಮಧ್ಯಾಹ್ನ ಬೇರೆ ಲಾರಿ ಹತ್ತಿದ್ರೆ? ಎರಡರಲ್ಲೂ 6 ಗಂಟೆ ಓಡಿಸಿದ್ರೆ ಒಂದೊಂದು ಲಾರಿ ಲೆಕ್ಕವೂ ಸರಿ. ಮನುಷ್ಯನದು ಮಾತ್ರ 12 ಗಂಟೆ!

ಅದಕ್ಕೇ ಕಾಗದ ಲಾರಿಯಲ್ಲಿ ಉಳಿಯೋ ಹಾಗಿರಲಿಲ್ಲ, ಡ್ರೈವರ್ ಜೊತೆಗೇ ಹೋಗಬೇಕು. ಅದರ ಮೇಲೆ ತನ್ನ ಹೆಸರು, ಎರಡೂ ಗಾಡಿ ನಂಬರ್, ಕಿಲೋಮೀಟರ್, ಬದಲಿಸಿದ ಸಮಯ ಕೈಯಾರೆ ಬರೀಬೇಕು. 2006ರಿಂದ ಹೊಸ ಲಾರಿಗಳಿಗೆ ಚಿಪ್ ಕಾರ್ಡ್ ಬಂತು. ಅದೂ ಡ್ರೈವರ್ ಹೆಸರಿನಲ್ಲೇ.

ಲಾರಿ ಬದಲಾದ್ರೂ ನಿದ್ದೆಗಣ್ಣು ಅದೇ ಅಲ್ವಾ?

#ರಸ್ತೆಇತಿಹಾಸ #ಲಾರಿ #ಕನ್ನಡ